ಹೊರದೇಶದ ವಿದ್ಯಾರ್ಥಿಯ ಇಂಗ್ಲಿಷ್ ವ್ಯಾಕರಣ ನೋಡುವುದು ಹೇಗೆ? ಬೆಂಗಳೂರಿನ ಕಾಲೇಜು ಮೇಷ್ಟ್ರುಗಳಿಗೆ ಒಂದು ಮಾರ್ಗದರ್ಶಿ

ಅಡ್ಮಿಷನ್ ಮುಗಿದು ಕ್ಲಾಸು ಶುರುವಾದ ಕೂಡಲೇ ಒಂದೇ ಪ್ರಶ್ನೆ ಬೇರೆ ಬೇರೆ ಕಾಲೇಜುಗಳ ಮೇಷ್ಟ್ರುಗಳಿಂದ ಬರುತ್ತದೆ. "ನಮ್ಮ ಕ್ಲಾಸಿಗೆ ಯೆಮೆನ್, ಕಾಂಗೋ, ತಾಂಜಾನಿಯಾ ಕಡೆಯಿಂದ ಹುಡುಗ ಹುಡುಗಿಯರು ಬಂದಿದ್ದಾರೆ. ಇವರ ಗ್ರಾಮರ್ ಎಷ್ಟಿದೆ ಅಂತ ನೋಡಬೇಕು. ಯಾವ ಪೇಪರ್ ಕೊಡಲಿ?"

ಒಂದು ಪೇಪರ್ ಸಾಲದು. ಆದರೆ ಜಾಸ್ತಿ ಕೆಲಸವೂ ಬೇಡ. ನಿಮ್ಮ ಎದುರಿಗೆ ಕೂತು ಬರೆದ ಒಂದೆರಡು ಪುಟ, ಒಂದು ಬಿಟ್ಟ ಸ್ಥಳದ ಹಾಳೆ, ಹತ್ತು ನಿಮಿಷದ ಮಾತು. ಒಬ್ಬ ವಿದ್ಯಾರ್ಥಿಗೆ ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿಯುತ್ತದೆ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ತಪ್ಪು ನಿಜವಾದ ತಪ್ಪು, ಯಾವುದು ಆತುರದಲ್ಲಿ ಆದದ್ದು, ಯಾವುದು ಅರ್ಥವನ್ನೇ ಕೆಡಿಸುತ್ತದೆ ಅನ್ನೋದು ತಿಳಿಯುತ್ತದೆ.

ಬೇಕಾಗುವುದು ಇಷ್ಟು: ಗೆರೆ ಹಾಕಿದ ಹಾಳೆ, ಎರಡು ಬಣ್ಣದ ಪೆನ್ನು, ದನಿ ರೆಕಾರ್ಡ್ ಮಾಡಲು ಒಂದು ಫೋನು, ನಿಮ್ಮ ಜೊತೆ ಪೇಪರ್ ನೋಡಲು ಒಬ್ಬ ಸಹೋದ್ಯೋಗಿ. ಕೊನೆಯದನ್ನು ಬಿಡಬೇಡಿ. ಒಬ್ಬರೇ ನೋಡಿದ ವ್ಯಾಕರಣ ಅರ್ಧ ನೋಡಿದ ಹಾಗೆ. ಯಾಕೆ ಅಂತ 7ನೇ ಹಂತದಲ್ಲಿ ಹೇಳುತ್ತೇನೆ.

1. ಯಾಕೆ ನೋಡುತ್ತಿದ್ದೀರಿ ಅಂತ ಮೊದಲು ತೀರ್ಮಾನಿಸಿ

ಅಡ್ಮಿಷನ್ ಕೊಡಬೇಕೋ ಬೇಡವೋ ಅನ್ನುವುದಕ್ಕಾದರೆ ನೀವು ಮನೆಯಲ್ಲಿ ತಯಾರಿಸಿದ ಪೇಪರ್ ಬೇಡ. ಅದಕ್ಕೆ ಐಇಎಲ್‌ಟಿಎಸ್, ಟೋಫೆಲ್ ತರಹದ ಪರೀಕ್ಷೆಗಳಿವೆ. ಎರಡರ ಅಂಕವೂ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಆ ದಿನಾಂಕ ನೋಡಿಕೊಳ್ಳಿ.

ಆದರೆ ಆ ಅಂಕಪಟ್ಟಿ ವ್ಯಾಕರಣದ ಬಗ್ಗೆ ಬಿಡಿಸಿ ಏನೂ ಹೇಳುವುದಿಲ್ಲ. ಐಇಎಲ್‌ಟಿಎಸ್‌ನಲ್ಲಿ ಗ್ರಾಮರಿಗೆ ಅಂತ ಬೇರೆ ಪೇಪರ್ ಇಲ್ಲ. ಬರವಣಿಗೆಗೂ ಮಾತಿಗೂ ಅಂಕ ಕೊಡುವಾಗ ನಾಲ್ಕು ಅಂಶ ನೋಡುತ್ತಾರೆ, ಅದರಲ್ಲಿ ವ್ಯಾಕರಣ ಒಂದು, ಅಂದರೆ ಶೇಕಡಾ 25. ಟೋಫೆಲ್‌ನಲ್ಲಿ ಹಿಂದೆ ವ್ಯಾಕರಣದ ಭಾಗ ಬೇರೆಯಾಗಿಯೇ ಇತ್ತು. 2005ರಲ್ಲಿ ಇಂಟರ್ನೆಟ್ ಪರೀಕ್ಷೆ ಬಂದಾಗ ಅದನ್ನು ತೆಗೆದರು. ಹಾಗಾಗಿ ಐಇಎಲ್‌ಟಿಎಸ್‌ನಲ್ಲಿ 6 ಬ್ಯಾಂಡ್ ತಂದ ಇಬ್ಬರಲ್ಲಿ ಒಬ್ಬನಿಗೆ ಕ್ರಿಯಾಪದ ಕೈಕೊಡಬಹುದು, ಇನ್ನೊಬ್ಬಳಿಗೆ ಪದಗಳು ಸಾಲದೆ ಇರಬಹುದು.

ಈ ಲೇಖನ ಇರುವುದು ಅಡ್ಮಿಷನ್ ಆದ ಮೇಲಿನ ಕೆಲಸಕ್ಕೆ. ಯಾರಿಗೆ ಯಾವ ಸಹಾಯ ಬೇಕು ಅಂತ ತಿಳಿಯುವುದಕ್ಕೆ. ಈ ಫಲಿತಾಂಶವನ್ನು ಇಂಟರ್ನಲ್ಸ್ ಅಂಕಕ್ಕೆ ಸೇರಿಸಬೇಡಿ, ದಯವಿಟ್ಟು. ಅಂಕ ಇದೆ ಅಂತ ಗೊತ್ತಾದರೆ ವಿದ್ಯಾರ್ಥಿ ತನಗೆ ಖಾತ್ರಿ ಇರುವ ಪುಟ್ಟ ಪುಟ್ಟ ವಾಕ್ಯ ಮಾತ್ರ ಬರೆಯುತ್ತಾನೆ. ನಿಮಗೆ ಬೇಕಾದದ್ದೇ ಆಗ ಕಾಣುವುದಿಲ್ಲ.

ಸಮಯ: ಮೂರನೇ ವಾರ. ಮೊದಲ ಎರಡು ವಾರ ಅವರು ಮನೆ ಹುಡುಕಿಕೊಂಡು, ಎಫ್‌ಆರ್‌ಆರ್‌ಒ (ವಿದೇಶಿಯರನ್ನು ನೋಂದಾಯಿಸುವ ಸರ್ಕಾರಿ ಕಚೇರಿ) ನೋಂದಣಿ ಅಂತ ಓಡಾಡಿಕೊಂಡು ಇರುತ್ತಾರೆ. ನಿದ್ದೆ ಇಲ್ಲದವನ ವ್ಯಾಕರಣ ನೋಡಿ ಪ್ರಯೋಜನ ಇಲ್ಲ.

2. ಪಾಸ್‌ಪೋರ್ಟ್ ನೋಡಿ ಭಾಷೆ ಊಹಿಸಬೇಡಿ

ಅರ್ಧ ಪುಟದ ಒಂದು ಫಾರಂ ಕೊಡಿ. ಮನೆಮಾತು ಯಾವುದು, ಪ್ರಾಥಮಿಕ ಶಾಲೆ ಯಾವ ಮಾಧ್ಯಮ, ಹೈಸ್ಕೂಲು ಯಾವ ಮಾಧ್ಯಮ, ಇಂಗ್ಲಿಷ್ ಎಷ್ಟು ವರ್ಷ ಓದಿದ್ದು, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದದ್ದು ಯಾವಾಗ. ಐದೇ ಪ್ರಶ್ನೆ.

ಇದು ಯಾಕೆ ಮುಖ್ಯ ನೋಡಿ. ಕ್ಯಾಮರೂನಿನಲ್ಲಿ ಫ್ರೆಂಚ್, ಇಂಗ್ಲಿಷ್ ಎರಡೂ ಅಧಿಕೃತ ಭಾಷೆಗಳು. ಒಂದೇ ದೇಶದ ಇಬ್ಬರಲ್ಲಿ ಒಬ್ಬ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮಾಧ್ಯಮ, ಇನ್ನೊಬ್ಬ ಪೂರ್ತಿ ಫ್ರೆಂಚ್ ಮಾಧ್ಯಮ ಆಗಿರಬಹುದು. ರುವಾಂಡಾ 2008ರಲ್ಲಿ ಶಾಲೆಗಳ ಮಾಧ್ಯಮವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ಬದಲಿಸುವ ತೀರ್ಮಾನ ಮಾಡಿತು. ಅದಕ್ಕೆ ಅಲ್ಲಿಂದ ಪಿಎಚ್‌ಡಿಗೆ ಬಂದ ಹಿರಿಯರ ಇಂಗ್ಲಿಷಿಗೂ ಡಿಗ್ರಿಗೆ ಬಂದ ಕಿರಿಯರ ಇಂಗ್ಲಿಷಿಗೂ ವ್ಯತ್ಯಾಸ ಇರುತ್ತದೆ. ತಾಂಜಾನಿಯಾದ ಸರ್ಕಾರಿ ಶಾಲೆಯಲ್ಲಿ ಪ್ರಾಥಮಿಕ ಹಂತ ಸ್ವಾಹಿಲಿ, ಹೈಸ್ಕೂಲಿಗೆ ಬಂದಾಗ ಇಂಗ್ಲಿಷ್. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿ ಸೈನ್ಸಿಗೆ ಬಂದಾಗ ಪಡುವ ಪಾಡನ್ನೇ ಅವರು ಸ್ವಲ್ಪ ಮುಂಚೆ ಪಟ್ಟಿರುತ್ತಾರೆ. ಭೂತಾನಿನವರದು ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಮಾಧ್ಯಮ.

ಮನೆಮಾತು ಗೊತ್ತಾದರೆ ಯಾವ ಜಾಗದಲ್ಲಿ ಕಣ್ಣಿಡಬೇಕು ಅನ್ನುವ ಸುಳಿವು ಸಿಗುತ್ತದೆ. ಅರೇಬಿಕ್‌ನಲ್ಲಿ ವರ್ತಮಾನ ಕಾಲದಲ್ಲಿ 'ಈಸ್', 'ಆರ್' ತರಹದ ಪದ ಬೇಕಾಗುವುದಿಲ್ಲ, 'ಎ', 'ಆನ್' ತರಹದ ಬಿಡಿ ಪದವೂ ಇಲ್ಲ. ಪರ್ಷಿಯನ್ನಿನಲ್ಲಿ, ಅಫ್ಘಾನಿಸ್ತಾನದಲ್ಲಿ ಆಡುವ ಅದರ ರೂಪವಾದ ದರಿಯಲ್ಲಿ 'ಹಿ'ಗೂ 'ಶಿ'ಗೂ ಒಂದೇ ಪದ. ಸ್ವಾಹಿಲಿಯಲ್ಲೂ ಹಾಗೇ. ನಾವು "ಅವರು ಬಂದರು" ಅಂದಾಗ ಗಂಡೋ ಹೆಣ್ಣೋ ಗೊತ್ತಾಗಲ್ಲ ಅಲ್ವಾ? ಅವರಿಗೆ ಎಲ್ಲ ಕಡೆಯೂ ಹಾಗೆ. ಚೀನೀ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಫ್ರೆಂಚ್ ಮಾಧ್ಯಮದವರು 'ಇನ್ಫರ್ಮೇಷನ್ಸ್' ಅಂತ ಬಹುವಚನ ಮಾಡುತ್ತಾರೆ, 'ದಿ ಲೈಫ್ ಈಸ್ ಹಾರ್ಡ್' ಅಂತ ಬೇಡದ ಕಡೆ 'ದಿ' ಸೇರಿಸುತ್ತಾರೆ.

ಎಚ್ಚರ: ಇದು ಸುಳಿವು ಮಾತ್ರ. ಅರೇಬಿಕ್ ಮನೆಮಾತು ಅಂದ ಕೂಡಲೇ ಆರ್ಟಿಕಲ್ ('ಎ', 'ಆನ್', 'ದಿ') ತಪ್ಪು ಹುಡುಕುತ್ತಾ ಕೂತರೆ ಅದೇ ಕಾಣುತ್ತದೆ, ಬೇರೆ ಯಾವುದೂ ಕಾಣುವುದಿಲ್ಲ. ಫಾರಮ್ಮನ್ನು ಪೇಪರ್ ನೋಡಿದ ಮೇಲೆ ತೆರೆಯುವುದು ಒಳ್ಳೆಯದು.

3. ಅವರ ಕೋರ್ಸಿಗೆ ಬೇಕಾದ ವ್ಯಾಕರಣ ಯಾವುದು ಅಂತ ಪಟ್ಟಿ ಮಾಡಿ

ಹತ್ತು ಅಂಶಕ್ಕಿಂತ ಜಾಸ್ತಿ ಬೇಡ. ಎಲ್ಲರಿಗೂ ಬೇಕಾದವು: ಕ್ರಿಯಾಪದದ ಕಾಲ, ಕರ್ತೃವಿಗೂ ಕ್ರಿಯೆಗೂ ಹೊಂದಾಣಿಕೆ, ಪ್ರಶ್ನೆ ಕೇಳುವ ರೀತಿ, 'ವಿಚ್', 'ಹೂ' ಹಾಕಿ ವಾಕ್ಯ ಜೋಡಿಸುವುದು, ಹೋಲಿಕೆ, 'ಇಫ್' ವಾಕ್ಯ. ಫಾರ್ಮಸಿ, ನರ್ಸಿಂಗ್, ಲ್ಯಾಬ್ ಇರುವ ಕೋರ್ಸುಗಳಿಗೆ ಪ್ಯಾಸಿವ್ ವಾಯ್ಸ್, ಅಂದರೆ ಮಾಡಿದವರನ್ನು ಹಿಂದಿಟ್ಟು ಆದ ಕೆಲಸವನ್ನು ಮುಂದಿಡುವ ವಾಕ್ಯ, ಕಡ್ಡಾಯ. ನರ್ಸಿಂಗ್ ವಿದ್ಯಾರ್ಥಿನಿ 'ದಿ ಪೇಶೆಂಟ್ ವಾಸ್ ಗಿವನ್ ದಿ ಇಂಜೆಕ್ಷನ್' ಅನ್ನಬೇಕಾದ ಕಡೆ 'ದಿ ಪೇಶೆಂಟ್ ಗೇವ್ ದಿ ಇಂಜೆಕ್ಷನ್' ಅಂತ ಬರೆದರೆ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಅನ್ನೋದೇ ತಿರುಗುಮುರುಗು. ಕೇಸ್ ಶೀಟಿನಲ್ಲಿ ಇದು ಸಣ್ಣ ತಪ್ಪಲ್ಲ. ಕಾಮರ್ಸಿನವರಿಗೆ ಹೋಲಿಕೆ, ಏರಿಳಿತ ಹೇಳುವ ವಾಕ್ಯಗಳು ಜಾಸ್ತಿ ಬೇಕು.

ವಿಷಯದ ಮೇಷ್ಟ್ರನ್ನು ಒಂದು ಮಾತು ಕೇಳಿ: "ನಿಮ್ಮ ಪೇಪರಿನಲ್ಲಿ ಇವರ ಬರವಣಿಗೆ ಎಲ್ಲಿ ಅರ್ಥ ಆಗಲಿಲ್ಲ?" ನಿಮ್ಮ ಪಟ್ಟಿಯ ಅರ್ಧ ಅಲ್ಲೇ ಸಿಗುತ್ತದೆ.

4. ಎದುರಿಗೆ ಕೂರಿಸಿ ಬರೆಸಿ

ನಲವತ್ತೈದು ನಿಮಿಷ, ಎರಡು ವಿಷಯ, ತಲಾ ನೂರು ನೂರಿಪ್ಪತ್ತು ಪದ. ಕೈಬರಹ. ಫೋನು ಮೇಜಿನ ಮೇಲೆ ಮಗುಚಿ ಇಟ್ಟಿರಲಿ. ಮನೆಯಿಂದ ಟೈಪ್ ಮಾಡಿ ತಂದ ಪ್ರಬಂಧ ಇವತ್ತು ವಿದ್ಯಾರ್ಥಿಯ ವ್ಯಾಕರಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ತಿದ್ದುವ ಸಾಫ್ಟ್‌ವೇರು, ಬರೆದೇ ಕೊಡುವ ಸಾಫ್ಟ್‌ವೇರು ಎಲ್ಲರ ಕೈಯಲ್ಲೂ ಇದೆ.

ವಿಷಯ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ವಿಷಯ ಕೊಟ್ಟಾಗ ನಿಮಗೆ ಬೇಕಾದ ವಾಕ್ಯರೂಪ ತಾನಾಗಿ ಹೊರಬರಬೇಕು. ನಾನು ಕೊಡುವ ಎರಡು ಇವು. ಒಂದು: ಬೆಂಗಳೂರಿಗೆ ಬಂದ ಮೊದಲ ವಾರದಲ್ಲಿ ಏನೇನು ಮಾಡಿದಿರಿ? ಇದರಲ್ಲಿ ಭೂತಕಾಲ ಬಂದೇ ಬರುತ್ತದೆ. ಎರಡು: ನಿಮ್ಮ ವಿಷಯದ ಒಂದು ಪ್ರಯೋಗ ಅಥವಾ ಕೆಲಸವನ್ನು ಮೊದಲಿನಿಂದ ಕೊನೆವರೆಗೆ ವಿವರಿಸಿ, ಅದನ್ನು ಬೇರೆ ರೀತಿ ಮಾಡಿದ್ದರೆ ಏನಾಗುತ್ತಿತ್ತು ಹೇಳಿ. ಇದರಲ್ಲಿ ಪ್ಯಾಸಿವ್, ಕ್ರಮ ಹೇಳುವ ಪದಗಳು, 'ಇಫ್' ವಾಕ್ಯ ಮೂರೂ ಸಿಗುತ್ತವೆ.

ಬೇಡದ ವಿಷಯಗಳೂ ಇವೆ. ದಸರಾ, ಐಪಿಎಲ್, ನಮ್ಮ ರಾಜಕೀಯ ಕೊಡಬೇಡಿ, ಗೊತ್ತಿಲ್ಲದ ವಿಷಯದ ಮೇಲೆ ಯಾರೂ ವಾಕ್ಯ ಕಟ್ಟಲಾರರು. "ನನ್ನ ಊರು", "ನನ್ನ ಕುಟುಂಬ" ಕೊಡಬೇಡಿ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಯೆಮೆನ್, ಅಫ್ಘಾನಿಸ್ತಾನದಿಂದ ಬಂದವರ ಮನೆಯ ಸ್ಥಿತಿ ಏನೋ ಎಂತೋ. ಆರ್ಟಿಕಲ್ ಸರಿ ಇದೆಯಾ ಅಂತ ನೋಡುವ ನೆಪದಲ್ಲಿ ಯಾರದೋ ಗಾಯ ಕೆದಕುವುದು ತಪ್ಪು. ಅವರಾಗಿಯೇ ಬರೆದರೆ ಗೌರವದಿಂದ ಓದಿ, ಅಷ್ಟೇ.

5. ಬಿಟ್ಟ ಸ್ಥಳ, ಆದರೆ ಬಿಡಿ ವಾಕ್ಯಗಳಲ್ಲಿ ಬೇಡ

ನಮಗೆಲ್ಲ ಗೊತ್ತಿರುವ "ಬಿಟ್ಟ ಸ್ಥಳ ತುಂಬಿ" ಇದೇ. ಆದರೆ ಹತ್ತು ಬಿಡಿ ವಾಕ್ಯ ಕೊಡುವ ಬದಲು ಒಂದು ಪೂರ್ತಿ ಪ್ಯಾರಾ ಕೊಡಿ. ಇದಕ್ಕೆ ಕ್ಲೋಜ್ ಅಂತ ಹೆಸರು. ಅಮೆರಿಕದ ವಿಲ್ಸನ್ ಟೇಲರ್ 1953ರಲ್ಲಿ ಇದನ್ನು ಮುಂದಿಟ್ಟರು. ಅವರು ಇಷ್ಟು ಪದಕ್ಕೊಂದು ಅಂತ ಲೆಕ್ಕ ಹಾಕಿ ಪದ ತೆಗೆಯುತ್ತಿದ್ದರು. ನಮಗೆ ಬೇಕಾದದ್ದು ವ್ಯಾಕರಣ ಆದ್ದರಿಂದ ಯಾವ ಪದ ತೆಗೆಯಬೇಕು ಅಂತ ನಾವೇ ಆರಿಸಬೇಕು.

ಉದಾಹರಣೆಗೆ ಲಾಲ್‌ಬಾಗ್ ಬಗ್ಗೆ ಒಂದು ಪ್ಯಾರಾ. 'ಲಾಲ್‌ಬಾಗ್ ಡ್ಯಾಶ್ ಸ್ಟಾರ್ಟೆಡ್ ಬೈ ಹೈದರ್ ಅಲಿ ಇನ್ 1760.' ಇಲ್ಲಿ 'ವಾಸ್' ಬರಬೇಕು. ಹೈದರ್ ಅಲಿ ಯಾರು ಅಂತ ವಿದ್ಯಾರ್ಥಿಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ವಾಕ್ಯವೇ ಉತ್ತರ ಹೇಳುತ್ತದೆ. ಇಂಥ ಇಪ್ಪತ್ತೈದು ಜಾಗ ಸಾಕು. ಕೊಡುವ ಮುಂಚೆ ಇಬ್ಬರು ಸಹೋದ್ಯೋಗಿಗಳಿಂದ ತುಂಬಿಸಿ. ಅವರಿಬ್ಬರ ಉತ್ತರ ಬೇರೆ ಬೇರೆ ಬಂದ ಜಾಗವನ್ನು ತೆಗೆದುಹಾಕಿ, ಇಲ್ಲವೇ ಎರಡನ್ನೂ ಸರಿ ಅನ್ನಿ.

ನಾಲ್ಕು ಉತ್ತರದಲ್ಲಿ ಒಂದಕ್ಕೆ ಟಿಕ್ ಹಾಕುವ ಪೇಪರನ್ನು ಮಾತ್ರ ನಂಬಿ ಕೂರಬೇಡಿ. ಅಂಥ ಪೇಪರಿನಲ್ಲಿ 30ಕ್ಕೆ 28 ತೆಗೆದು, ಲ್ಯಾಬ್ ರಿಪೋರ್ಟಿನಲ್ಲಿ ನಾಲ್ಕು ವಾಕ್ಯ ಜೋಡಿಸಲಾಗದೆ ಕೂತವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಿಯಮ ಗುರುತಿಸುವುದೇ ಬೇರೆ, ಬಳಸುವುದೇ ಬೇರೆ.

ಇದಕ್ಕೆ ನಮ್ಮ ಊರಿನದೇ ಒಂದು ಸಾಕ್ಷಿ ಇದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ವ್ಯಾಕರಣ ಪಾಠ ಮಾಡದೆ, ಮಕ್ಕಳಿಗೆ ಇಂಗ್ಲಿಷಿನಲ್ಲಿ ಬಿಡಿಸುವ ಕೆಲಸಗಳನ್ನು ಕೊಟ್ಟು, ಆ ಮೂಲಕ ವ್ಯಾಕರಣ ಬರುತ್ತದಾ ಅಂತ ನೋಡಿದರು. ಇಲ್ಲಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನಂಟಿದ್ದ ಈ ಕೆಲಸ ಪ್ರಪಂಚದ ಇಂಗ್ಲಿಷ್ ಮೇಷ್ಟ್ರುಗಳ ನಡುವೆ 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಹೆಸರಾಯಿತು. ಅದರ ಮೌಲ್ಯಮಾಪನ ಮಾಡಿದ ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಒಂದೇ ಪೇಪರ್ ಕೊಡದೆ ಹಲವು ಬಗೆಯ ಪರೀಕ್ಷೆ ಕೊಟ್ಟಿದ್ದರು. ವಾಕ್ಯರಚನೆಯ ಪೇಪರಿನಲ್ಲಿ ಮಾಮೂಲಿ ಪಾಠ ಕೇಳಿದ ಮಕ್ಕಳು ಮುಂದೆ ಬಂದರು. ಕೆಲಸ ಬಿಡಿಸುವ ಪೇಪರಿನಲ್ಲಿ ಪ್ರಯೋಗದ ಮಕ್ಕಳು ಮುಂದೆ ಬಂದರು. ಒಂದೇ ಪೇಪರ್ ಕೊಟ್ಟಿದ್ದರೆ ಒಂದು ಗುಂಪಿಗೆ ಅನ್ಯಾಯ ಆಗುತ್ತಿತ್ತು. ನಿಮ್ಮ ಕ್ಲಾಸಿನಲ್ಲಿ ಹತ್ತು ದೇಶದ ಹತ್ತು ಬಗೆಯ ಪಾಠ ಕೇಳಿ ಬಂದವರಿದ್ದಾರೆ, ನೆನಪಿರಲಿ.

6. ಹತ್ತು ನಿಮಿಷ ಮಾತಾಡಿಸಿ

ಒಬ್ಬೊಬ್ಬರನ್ನೇ ಕರೆಯಿರಿ. ರೆಕಾರ್ಡ್ ಮಾಡಲು ಒಪ್ಪಿಗೆ ಕೇಳಿ, ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತೀರಿ ಅಂತಲೂ ಹೇಳಿ. ಮೊದಲು ಸುಲಭದ್ದು ಕೇಳಿ. ಕೊತ್ತನೂರಿನಿಂದಲೋ ಕಮ್ಮನಹಳ್ಳಿಯಿಂದಲೋ ಕಾಲೇಜಿಗೆ ದಿನಾ ಹೇಗೆ ಬರುತ್ತೀರಿ? ಆಮೇಲೆ ನಿನ್ನೆಯ ಬಗ್ಗೆ, ಪರೀಕ್ಷೆ ಮುಗಿದ ಮೇಲಿನ ಯೋಚನೆ ಬಗ್ಗೆ, ಕೊನೆಗೆ ಕಾಲೇಜಿನ ಒಂದು ನಿಯಮ ಬದಲಿಸಬಹುದಾಗಿದ್ದರೆ ಯಾವುದು ಅಂತ. ನಡುವೆ ಒಂದು ಸಲ ಅವರೇ ನಿಮಗೆ ನಾಲ್ಕು ಪ್ರಶ್ನೆ ಕೇಳಲಿ. ಪ್ರಶ್ನೆ ಕೇಳುವ ವ್ಯಾಕರಣ ಬರವಣಿಗೆಯಲ್ಲಿ ಸಿಗುವುದೇ ಇಲ್ಲ.

ಮಧ್ಯೆ ತಿದ್ದಬೇಡಿ. ತಲೆ ಆಡಿಸಿ, ಕೇಳಿಸಿಕೊಳ್ಳಿ.

ಇಲ್ಲಿ ಆಗುವ ದೊಡ್ಡ ಎಡವಟ್ಟು ಉಚ್ಚಾರಣೆಯನ್ನು ವ್ಯಾಕರಣದ ಲೆಕ್ಕಕ್ಕೆ ಸೇರಿಸುವುದು. 'ಆಸ್ಕ್ಡ್' ಅನ್ನುವ ಪದದ ಕೊನೆಯಲ್ಲಿ ಒತ್ತೊತ್ತಾಗಿ ವ್ಯಂಜನಗಳಿವೆ. ಬಹಳ ಭಾಷೆಗಳವರಿಗೆ ಅದು ನಾಲಿಗೆ ಹೊರಳದ ಜಾಗ. ಅವರು 'ಆಸ್ಕ್' ಅಂತ ಹೇಳಿದ್ದು ಕೇಳಿಸಿ ನೀವು ಭೂತಕಾಲ ಬರಲ್ಲ ಅಂತ ಬರೆದುಕೊಂಡರೆ ತಪ್ಪಾಗುತ್ತದೆ. ಅವರು ಕೈಯಲ್ಲಿ ಬರೆದ ಹಾಳೆ ತೆಗೆಯಿರಿ. ಅಲ್ಲಿ ಸರಿ ಇದ್ದರೆ ಅದು ನಾಲಿಗೆಯ ಕಷ್ಟ. ಅಲ್ಲೂ ಇಲ್ಲದಿದ್ದರೆ ವ್ಯಾಕರಣ.

7. ಪೇಪರ್ ನೋಡುವುದು

ಇದೇ ಮುಖ್ಯವಾದ ಹಂತ, ಸ್ವಲ್ಪ ನಿಧಾನವಾಗಿ ನೋಡೋಣ. ಮೊದಲ ಸಲ ಪೆನ್ನು ಮುಟ್ಟದೆ ಓದಿ. ಅರ್ಥ ಆಗದೆ ನಿಂತ ಜಾಗಕ್ಕೆ ಮಾತ್ರ ಪಕ್ಕದಲ್ಲಿ ಒಂದು ಚುಕ್ಕೆ. ಎರಡನೇ ಸಲ ತಪ್ಪುಗಳಿಗೆ ಗುರುತು ಹಾಕಿ. ಮೊದಲೇ ಕೆಂಪು ಪೆನ್ನು ಹಿಡಿದು ಕೂತರೆ ಎಲ್ಲ ತಪ್ಪೂ ಒಂದೇ ಗಾತ್ರದ್ದಾಗಿ ಕಾಣುತ್ತದೆ.

ಒಂದು ಮಾದರಿ ನೋಡೋಣ. ಅರೇಬಿಕ್ ಮನೆಮಾತಿನ ವಿದ್ಯಾರ್ಥಿಗಳ ಹಾಳೆಯಲ್ಲಿ ಸಾಮಾನ್ಯವಾಗಿ ಕಾಣುವುದನ್ನು ಸೇರಿಸಿ ನಾನೇ ಕಟ್ಟಿದ್ದು:

'ಐ ಕೇಮ್ ಟು ಬ್ಯಾಂಗಲೋರ್ ಬಿಫೋರ್ ಟೂ ಇಯರ್ಸ್. ಮೈ ಬ್ರದರ್ ಇಂಜಿನಿಯರ್ ಇನ್ ಮಸ್ಕತ್. ಹಿ ಸೆಂಡ್ ಮೀ ಮನಿ ಎವ್ರಿ ಮಂತ್. ದಿ ಹೌಸ್ ವಿಚ್ ಐ ಲಿವ್ ಇನ್ ಇಟ್ ಈಸ್ ನಿಯರ್ ಕಾಲೇಜ್. ವೆನ್ ಐ ಫಿನಿಶ್ ಮೈ ಡಿಗ್ರಿ, ಐ ವಿಲ್ ಗೋ ಬ್ಯಾಕ್ ಅಂಡ್ ಓಪನ್ ಫಾರ್ಮಸಿ.'

ನಲವತ್ತು ಪದ, ಏಳು ತಪ್ಪು. ಸುಮ್ನೆ ಎಣಿಸಿದರೆ ಈ ಹುಡುಗ ಬಹಳ ಹಿಂದೆ ಇದ್ದಾನೆ ಅನ್ನಿಸುತ್ತದೆ. ಬಿಡಿಸಿ ನೋಡಿ. ಇಂಜಿನಿಯರ್, ಕಾಲೇಜ್, ಫಾರ್ಮಸಿ ಮೂರರ ಮುಂದೆಯೂ ಆರ್ಟಿಕಲ್ ಇಲ್ಲ. ಬ್ರದರ್ ಆದ ಮೇಲೆ 'ಈಸ್' ಇಲ್ಲ. 'ಸೆಂಡ್ಸ್' ಆಗಬೇಕಿತ್ತು. 'ಲಿವ್ ಇನ್' ಆದ ಮೇಲೆ 'ಇಟ್' ಬೇಡ, ಅರೇಬಿಕ್‌ನಲ್ಲಿ ಅಲ್ಲಿ ಒಂದು ಸರ್ವನಾಮ ಬರುವುದರಿಂದ ಇಲ್ಲೂ ಬಂದಿದೆ. 'ಟೂ ಇಯರ್ಸ್ ಅಗೋ' ಅನ್ನಬೇಕಿತ್ತು. ಏಳರಲ್ಲಿ ಒಂದೂ ಅರ್ಥ ಕೆಡಿಸಿಲ್ಲ. ಚುಕ್ಕೆ ಹಾಕುವ ಜಾಗವೇ ಇಲ್ಲ.

ಸರಿ ಇರುವುದನ್ನೂ ಬರೆದುಕೊಳ್ಳಿ. 'ಕೇಮ್' ಸರಿ ಇದೆ. ಕೊನೆಯ ವಾಕ್ಯದಲ್ಲಿ 'ವೆನ್ ಐ ವಿಲ್ ಫಿನಿಶ್' ಅನ್ನದೆ 'ವೆನ್ ಐ ಫಿನಿಶ್' ಅಂದಿದ್ದಾನೆ, ಇದು ಬಹಳ ಜನ ಎಡವುವ ಕಡೆ. 'ವಿಚ್' ಹಾಕಿ ಎರಡು ವಾಕ್ಯ ಜೋಡಿಸುವ ಧೈರ್ಯ ಮಾಡಿದ್ದಾನೆ.

ಈ ಧೈರ್ಯದ ಮಾತು ಮುಖ್ಯ. 1974ರಲ್ಲಿ ಜಾಕ್ವೆಲಿನ್ ಶಾಕ್ಟರ್ ಅನ್ನುವ ಸಂಶೋಧಕಿ ಬೇರೆ ಬೇರೆ ಮನೆಮಾತಿನ ವಿದ್ಯಾರ್ಥಿಗಳ ಇಂಗ್ಲಿಷ್ ಬರಹದಲ್ಲಿ ಇಂಥ ಜೋಡಿಸಿದ ವಾಕ್ಯಗಳನ್ನೇ ಎಣಿಸಿದರು. ಚೀನೀ, ಜಪಾನೀ ಮನೆಮಾತಿನವರ ತಪ್ಪು ಕಡಿಮೆ ಇತ್ತು. ಕಾರಣ ನೋಡಿದರೆ ಅವರು ಅಂಥ ವಾಕ್ಯ ಬರೆದದ್ದೇ ಕಡಿಮೆ. ಅರೇಬಿಕ್, ಪರ್ಷಿಯನ್ನಿನವರು ಜಾಸ್ತಿ ಬರೆದರು, ಜಾಸ್ತಿ ತಪ್ಪಿದರು. ತಪ್ಪು ಎಣಿಸಿ ಅಂಕ ಕಳೆದರೆ ಪ್ರಯತ್ನ ಪಟ್ಟವನಿಗೇ ಶಿಕ್ಷೆ.

ಅದಕ್ಕೆ ಎಣಿಸುವ ರೀತಿ ಬದಲಿಸಿ. ಒಂದು ರೂಪ ಬೇಕಾದ ಜಾಗ ಎಷ್ಟು, ಬಂದದ್ದು ಎಷ್ಟು ಅಂತ ನೋಡಿ. ಮೇಲಿನ ಮಾದರಿಯಲ್ಲಿ ಆರ್ಟಿಕಲ್ ಬೇಕಾದ ಜಾಗ ನಾಲ್ಕು, ಬಂದದ್ದು ಒಂದು, 'ದಿ ಹೌಸ್'. ಅಂದರೆ 4ರಲ್ಲಿ 1. 'ಸೆಂಡ್ಸ್' ತರಹದ್ದು ಬೇಕಾದ ಜಾಗ ಒಂದೇ. ಒಂದೇ ಜಾಗ ನೋಡಿ ಬರಲ್ಲ ಅನ್ನಬೇಡಿ, ಕನಿಷ್ಠ ನಾಲ್ಕೈದು ಜಾಗವಾದರೂ ಸಿಗಲಿ. ಇಲ್ಲದಿದ್ದರೆ ರೆಕಾರ್ಡಿಂಗಿನಲ್ಲಿ ಹುಡುಕಿ. ಮಕ್ಕಳ ಭಾಷೆ ಅಧ್ಯಯನ ಮಾಡಿದ ರೋಜರ್ ಬ್ರೌನ್ 1973ರಲ್ಲಿ ಬೇಕಾದ ಜಾಗಗಳಲ್ಲಿ ಶೇಕಡಾ 90 ಬಂದರೆ ಆ ರೂಪ ಕೈವಶ ಆಗಿದೆ ಅನ್ನುವ ಗೆರೆ ಹಾಕಿದರು. ಆ ಗೆರೆಯನ್ನು ನೀವೂ ಬಳಸಬಹುದು. ಬೇಡದ ಕಡೆ 'ದಿ' ಹಾಕಿದ್ದು ಈ ಲೆಕ್ಕಕ್ಕೆ ಸಿಗುವುದಿಲ್ಲ, ಪಕ್ಕದಲ್ಲಿ ಬೇರೆಯಾಗಿ ಬರೆದುಕೊಳ್ಳಿ.

ಇನ್ನು ಎರಡನೇ ಪೆನ್ನು ಯಾಕೆ? ಮಾರನೇ ದಿನ, ನಿಮ್ಮ ಗುರುತುಗಳಿಲ್ಲದ ಒಂದು ಜೆರಾಕ್ಸ್ ವಿದ್ಯಾರ್ಥಿಗೇ ಕೊಡಿ. ತಪ್ಪು ಇರುವ ಸಾಲು ಯಾವುದು ಅಂತ ಮಾತ್ರ ಹೇಳಿ, ಬೇರೆ ಬಣ್ಣದಲ್ಲಿ ತಾನೇ ತಿದ್ದಲಿ. ತಿದ್ದಿದ್ದು ಕೈತಪ್ಪು. ತಿದ್ದಲಾಗದ್ದು ಕಲಿಯಬೇಕಾದದ್ದು. ಪಿಟ್ ಕಾರ್ಡರ್ ಅನ್ನುವ ಭಾಷಾತಜ್ಞ 1967ರಲ್ಲೇ ಈ ಎರಡನ್ನೂ ಬೇರೆ ಮಾಡಿ ನೋಡಿ ಅಂದಿದ್ದರು. ಹತ್ತು ನಿಮಿಷದ ಈ ಕೆಲಸ ನಿಮ್ಮ ಮುಂದಿನ ಪಾಠದ ಎಷ್ಟೋ ಗಂಟೆ ಉಳಿಸುತ್ತದೆ.

ಈಗ ಆ ಮಾದರಿಯ ಮೊದಲ ಸಾಲಿಗೆ ವಾಪಸ್ ಬನ್ನಿ. 'ಬಿಫೋರ್ ಟೂ ಇಯರ್ಸ್' ನಿಮ್ಮ ಕಣ್ಣಿಗೆ ತಪ್ಪಾಗಿ ಬಿತ್ತಾ? ನಮ್ಮಲ್ಲಿ ಬಹಳ ಮೇಷ್ಟ್ರುಗಳಿಗೆ ಬೀಳುವುದಿಲ್ಲ. "ಎರಡು ವರ್ಷದ ಮುಂಚೆ" ಅನ್ನುವ ನಮ್ಮ ಕಿವಿಗೆ ಅದು ಸರಿಯಾಗೇ ಕೇಳಿಸುತ್ತದೆ. ಫ್ರೆಂಚ್ ಮಾಧ್ಯಮದವರು 'ಐ ಆಮ್ ಹಿಯರ್ ಸಿನ್ಸ್ ತ್ರೀ ಇಯರ್ಸ್' ಅಂದರೆ ನಮಗೆ ಹಾಯಾಗಿರುತ್ತದೆ, ಯಾಕೆಂದರೆ ನಾವೂ "ಮೂರು ವರ್ಷದಿಂದ ಇಲ್ಲಿದ್ದೀನಿ" ಅನ್ನುವವರೇ. 'ಡಿಸ್ಕಸ್ ಅಬೌಟ್', 'ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್', 'ರಿಟರ್ನ್ ಬ್ಯಾಕ್' ಇವೂ ಅದೇ ಗುಂಪು. 'ಮೈ ಬ್ರದರ್ ಇಂಜಿನಿಯರ್' ಮಾತ್ರ ಥಟ್ ಅಂತ ಕಾಣುತ್ತದೆ. ವಿಚಿತ್ರ ಅಂದರೆ "ನಮ್ಮಣ್ಣ ಇಂಜಿನಿಯರ್" ಅನ್ನುವಾಗ ಕನ್ನಡದಲ್ಲೂ ಕ್ರಿಯಾಪದ ಇಲ್ಲ. ಶಾಲೆಯಲ್ಲಿ ಅದನ್ನು ನಮಗೆ ತಿದ್ದಿ ತಿದ್ದಿ ಕಲಿಸಿದರು, ಇನ್ನೊಂದನ್ನು ಯಾರೂ ತಿದ್ದಲಿಲ್ಲ, ಅಷ್ಟೇ.

ಇನ್ನೊಂದು ಕಡೆ, ನಮಗೆ ತಪ್ಪು ಅನ್ನಿಸಿದ್ದು ಅವರ ಊರಿನ ಇಂಗ್ಲಿಷ್ ಆಗಿರಬಹುದು. ನೈಜೀರಿಯಾದವರು ಎದ್ದು ಹೊರಗೆ ಹೋಗುತ್ತಾ 'ಐ ಆಮ್ ಕಮಿಂಗ್' ಅಂದರೆ "ಈಗ ಬಂದೆ" ಅಂತ ಅರ್ಥ. ನಾವೂ ಹೋಗುವಾಗ "ಬರ್ತೀನಿ" ಅನ್ನಲ್ವಾ? ನೈಜೀರಿಯಾದವರಲ್ಲಿ ಬಹಳ ಜನ ಚಿಕ್ಕಂದಿನಿಂದ ಇಂಗ್ಲಿಷಿನಲ್ಲೇ ಓದಿದವರು. ಅದನ್ನು ಕ್ರಿಯಾಪದದ ತಪ್ಪು ಅಂತ ಬರೆಯಬೇಡಿ. ಇಲ್ಲಿ ಎರಡು ವರ್ಷ ಇದ್ದವರು 'ಟುಮಾರೋ ಕಮಿಂಗ್ ಆ?' ಅಂತ ಕೇಳಿದರೆ ಅದೂ ಹಾಗೇ. ನಮ್ಮಿಂದಲೇ ಕಲಿತದ್ದಕ್ಕೆ ನಾವೇ ಅಂಕ ಕಳೆಯುವುದು ನ್ಯಾಯವಲ್ಲ.

ಪರಿಹಾರ ಇದು. ಪೇಪರ್ ನೋಡುವ ಮುಂಚೆ ಇಬ್ಬರೂ ಕೂತು, ಯಾವ ರೂಪ ತಪ್ಪು, ಯಾವುದನ್ನು ಬಿಡಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಮಂಡ್ಯದ ಹುಡುಗನಿಗೆ ಬಿಟ್ಟದ್ದನ್ನು ಯೆಮೆನ್ ರಾಜಧಾನಿ ಸನಾದ ಹುಡುಗನಿಗೂ ಬಿಡಿ. ಆಮೇಲೆ ಇಬ್ಬರೂ ಬೇರೆ ಬೇರೆ ಕೂತು ಐದು ಪೇಪರ್ ನೋಡಿ, ಪಕ್ಕಪಕ್ಕ ಇಟ್ಟು ಹೋಲಿಸಿ. ಮೊದಲ ಸಲ ಗುರುತುಗಳು ಬಹಳ ಬೇರೆಯಾಗಿರುತ್ತವೆ. ಗಾಬರಿ ಬೇಡ. ಮಾತಾಡಿ, ಆ ಹಾಳೆ ತಿದ್ದಿ, ಉಳಿದ ಪೇಪರಿಗೆ ಹೋಗಿ.

ಕೊನೆಯದಾಗಿ, ದೊಡ್ಡಕ್ಷರ, ಅಂಕುಡೊಂಕು ಕೈಬರಹ, ಕಾಗುಣಿತ ಇವನ್ನು ವ್ಯಾಕರಣದ ಲೆಕ್ಕಕ್ಕೆ ಸೇರಿಸಬೇಡಿ. ಅರೇಬಿಕ್ ಲಿಪಿಯಲ್ಲಿ, ಇಥಿಯೋಪಿಯಾದ ಅಂಹರಿಕ್ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅನ್ನೋದೇ ಇಲ್ಲ, ನಮ್ಮ ಕನ್ನಡದ ಹಾಗೆ.

8. ಹಂತದ ಹೆಸರು ಕೊಡುವುದು

ಆಫೀಸಿನವರು "ಯಾವ ಲೆವೆಲ್ ಹೇಳಿ ಸಾರ್" ಅಂತ ಕೇಳುತ್ತಾರೆ. ಯುರೋಪಿನ ಕೌನ್ಸಿಲ್ 2001ರಲ್ಲಿ ತಂದ ಸಿಇಎಫ್‌ಆರ್ ಅನ್ನುವ ಅಳತೆ ಇದೆ. ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು. ವ್ಯಾಕರಣದ ಮಟ್ಟಿಗೆ ನಿಮಗೆ ಮುಖ್ಯವಾದದ್ದು ಬಿ1, ಬಿ2 ನಡುವಿನ ಗೆರೆ. ಬಿ1ನವರು ರೂಢಿಯ ಸಂದರ್ಭಗಳಲ್ಲಿ ತಕ್ಕಮಟ್ಟಿಗೆ ಸರಿಯಾಗಿ ಬಳಸುತ್ತಾರೆ. ಬಿ2ನವರು ತಪ್ಪು ಮಾಡಿದರೂ ಅಪಾರ್ಥಕ್ಕೆ ಎಡೆ ಕೊಡುವುದಿಲ್ಲ. ನಿಮ್ಮ ಚುಕ್ಕೆಗಳು ಈಗ ಉಪಯೋಗಕ್ಕೆ ಬರುತ್ತವೆ.

ಆದರೆ ವ್ಯಾಕರಣ ಮಾತ್ರ ನೋಡಿ "ಇವನು ಬಿ1" ಅಂತ ಫೈಲಿನಲ್ಲಿ ಬರೆಯಬೇಡಿ. ಓದು, ಕೇಳುವಿಕೆ ಏನನ್ನೂ ನೀವು ನೋಡಿಲ್ಲ. "ಬರವಣಿಗೆಯ ವ್ಯಾಕರಣ ಸುಮಾರು ಬಿ1" ಅಂತ ಬರೆಯಿರಿ.

9. ವಿದ್ಯಾರ್ಥಿಗೆ ಹೇಳುವುದು

ಒಬ್ಬರನ್ನೇ ಕರೆದು ಹೇಳಿ, ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಬೇಡ. ಬರುತ್ತಿರುವುದನ್ನು ಮೊದಲು ಹೇಳಿ, ಅವರ ವಾಕ್ಯವನ್ನೇ ಓದಿ ತೋರಿಸಿ. ಆಮೇಲೆ ಅರ್ಥ ಕೆಡಿಸುವ ತಪ್ಪು, ಇದ್ದರೆ. ಕೊನೆಗೆ ಪದೇ ಪದೇ ಬಂದ ಒಂದೋ ಎರಡೋ. ಒಟ್ಟು ಮೂರಕ್ಕಿಂತ ಜಾಸ್ತಿ ಬೇಡ. ಇಪ್ಪತ್ತು ತಪ್ಪಿನ ಪಟ್ಟಿ ಕೊಟ್ಟರೆ ಯಾರೂ ಒಂದನ್ನೂ ತಿದ್ದಿಕೊಳ್ಳುವುದಿಲ್ಲ.

ಆರ್ಟಿಕಲನ್ನು ಪಟ್ಟಿಯ ಮೊದಲಿಗೆ ಇಡಬೇಡಿ. ಅದು ನಿಧಾನವಾಗಿ ಬರುವಂಥದ್ದು, ಅರ್ಥಕ್ಕೆ ಅಷ್ಟು ತೊಂದರೆಯನ್ನೂ ಮಾಡುವುದಿಲ್ಲ. ನರ್ಸಿಂಗ್ ವಿದ್ಯಾರ್ಥಿನಿಗೆ ಪ್ಯಾಸಿವ್, 'ಹಿ', 'ಶಿ' ಗೊಂದಲ ಇದ್ದವರಿಗೆ ಅದು, ಲ್ಯಾಬ್ ರಿಪೋರ್ಟ್ ಬರೆಯುವವರಿಗೆ ಭೂತಕಾಲ, ಇವು ಮೊದಲು.

ವಿಷಯದ ಮೇಷ್ಟ್ರುಗಳಿಗೂ ನಾಲ್ಕು ಸಾಲಿನ ಚೀಟಿ ಕೊಡಿ. "ಇವರ ಬರಹದಲ್ಲಿ 'ಎ', 'ದಿ' ಬಿಟ್ಟುಹೋಗುತ್ತದೆ, ಅದಕ್ಕೆ ಅಂಕ ಕಳೆಯಬೇಡಿ. ಪ್ಯಾಸಿವ್ ವಾಕ್ಯ ಗೊಂದಲ ಆದರೆ ನನಗೆ ತಿಳಿಸಿ." ಇಷ್ಟು ಸಾಕು.

10. ಸೆಮಿಸ್ಟರ್ ಮುಗಿದಾಗ ಮತ್ತೊಮ್ಮೆ

ಅದೇ ಮಾದರಿ, ಹೊಸ ವಿಷಯ, ನೋಡುವವರು ಅದೇ ಇಬ್ಬರು. ಹಳೆಯ ಹಾಳೆಯ ಲೆಕ್ಕದ ಪಕ್ಕದಲ್ಲೇ ಹೊಸ ಲೆಕ್ಕ ಬರೆಯಿರಿ: ಭೂತಕಾಲ 12ರಲ್ಲಿ 5 ಇದ್ದದ್ದು 14ರಲ್ಲಿ 11 ಅಂತ. ಜೋಡಿಸಿದ ವಾಕ್ಯಗಳ ಸಂಖ್ಯೆಯನ್ನೂ ಎಣಿಸಿ. ಉದ್ದ ವಾಕ್ಯಕ್ಕೆ ಕೈ ಹಾಕಿದವರ ತಪ್ಪು ಕೆಲವು ಸಲ ಮೊದಲಿಗಿಂತ ಜಾಸ್ತಿಯಾಗಿ ಕಾಣುತ್ತದೆ. ಹಾಗಾದರೆ ಎರಡೂ ಹಾಳೆಯನ್ನು ವಿದ್ಯಾರ್ಥಿಯ ಮುಂದೆ ಇಟ್ಟು, ಮೊದಲನೆಯದರಲ್ಲಿ ಇಲ್ಲದ ವಾಕ್ಯಗಳಿಗೆ ಅವರ ಕೈಯಿಂದಲೇ ಅಡಿಗೆರೆ ಹಾಕಿಸಿ. ಆಮೇಲೆ ತಿದ್ದಲು ಕೂರಿ.